ನಮ್ಮ ಪಾರ್ಕಿನ ಬೀಗ ತೆಗೆಸಿ ಸ್ವಾಮಿ

ಇವರಿಗೆ,
ನಮ್ಮ ವಾರ್ಡಿನ ಉದ್ಯಾನಗಳ ಉಸ್ತುವಾರಿ ಹೊತ್ತ ಅಧಿಕಾರಿಗಳು,
ಹಾಗೂ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರು ಮತ್ತು ಪದಾಧಿಕಾರಿಗಳು,
ಬೆಂಗಳೂರು.

ವಿಷಯ: ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಪಾರ್ಕಿಗೆ ಹಾಕುತ್ತಿರುವ ಬೀಗ, ಗೇಟಿನ ಬೋರ್ಡು ಮತ್ತು ಒಳಗೆ ಕಟ್ಟಲು ಹೊರಟಿರುವ ಕಟ್ಟಡದ ಬಗ್ಗೆ.

ಮಾನ್ಯರೇ,

ಹೋದ ಮಂಗಳವಾರ ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಮಾತ್ರೆ ತರಲು ಮೆಡಿಕಲ್ ಶಾಪಿಗೆ ಹೊರಟಿದ್ದೆ. ಪಾರ್ಕಿನ ಗೇಟಿನ ಪಕ್ಕ, ಫುಟ್‌ಪಾತಿನ ಅಂಚಿನ ಕಲ್ಲಿನ ಮೇಲೆ ಇಬ್ಬರು ಪೌರಕಾರ್ಮಿಕ ಹೆಂಗಸರು ಕೂತು ಡಬ್ಬಿ ಬಿಚ್ಚಿದ್ದರು. ಅನ್ನ, ಸೊಪ್ಪಿನ ಸಾರು, ನಂಚಿಕೊಳ್ಳಲು ಹಸಿ ಈರುಳ್ಳಿ. ಬಿಸಿಲು ನೆತ್ತಿ ಮೇಲಿತ್ತು. ಒಬ್ಬರು ಸೆರಗನ್ನು ತಲೆ ಮೇಲೆ ಎಳೆದುಕೊಂಡಿದ್ದರು. ಇನ್ನೊಬ್ಬರು ಉಣ್ಣುತ್ತಲೇ ಎಡಗೈಯಲ್ಲಿ ಮುಚ್ಚಳವನ್ನು ಡಬ್ಬಿಗೆ ಅಡ್ಡ ಹಿಡಿದಿದ್ದರು. ಬೈಕು ಹೋದಾಗಲೆಲ್ಲ ಧೂಳು ಏಳುತ್ತಿತ್ತು.

ಅವರ ಬೆನ್ನ ಹಿಂದೆ ನಾಲ್ಕಡಿ ದೂರದಲ್ಲಿ ಪಾರ್ಕಿನ ಗ್ರಿಲ್ಲು. ಗ್ರಿಲ್ಲಿನ ಆಚೆ ಹೊಂಗೆ ಮರ. ಮರದ ಕೆಳಗೆ ಕಲ್ಲು ಬೆಂಚು, ಖಾಲಿ. ಗೇಟಿಗೆ ಬೀಗ.

"ಒಳಗೆ ನೆರಳಲ್ಲಿ ಕೂತ್ಕೋಬಾರ್ದಾ?" ಅಂತ ಕೇಳಿದೆ. ಕೇಳಿದ ಮೇಲೆ ಪೆದ್ದು ಪ್ರಶ್ನೆ ಅನ್ನಿಸಿತು.

"ಅದು ವಾಕಿಂಗ್ ಮಾಡೋರಿಗೆ ಅಮ್ಮ. ನಾವು ಬೆಳಿಗ್ಗೆ ಆರೂವರೆಯಿಂದ ನಡೀತಾನೇ ಇದೀವಲ್ಲ, ನಮಗ್ಯಾಕೆ ವಾಕಿಂಗು" ಅಂದರು. ಕೊಂಕಿಗೆ ಹೇಳಿದ್ದಲ್ಲ. ನಕ್ಕುಕೊಂಡೇ ಹೇಳಿದರು. ನನಗೆ ಮಾತ್ರ ನಗು ಬರಲಿಲ್ಲ. ಯಾಕೆಂದರೆ ಆ ಬೀಗ ಬಿದ್ದಿದ್ದರಲ್ಲಿ ನನ್ನ ಕೈವಾಡವೂ ಇದೆ.

ನಾನು ಈ ಬಡಾವಣೆಗೆ ಬಂದಿದ್ದು 1996ರಲ್ಲಿ. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಬಂದ ಹೊಸದರಲ್ಲಿ ಪಾರ್ಕು ಅಂದರೆ ನಕಾಶೆಯಲ್ಲಿ ಮಾತ್ರ. ಜಾಗದಲ್ಲಿ ಇದ್ದಿದ್ದು ಲಂಟಾನ, ಪಾರ್ಥೇನಿಯಂ, ಮಧ್ಯದಲ್ಲಿ ಹುಡುಗರು ಬೋಳಿಸಿಕೊಂಡ ಒಂದು ಕ್ರಿಕೆಟ್ ಪಿಚ್ಚು. ಹೊಂಗೆ ಸಸಿ ನೆಟ್ಟಿದ್ದು ಆಮೇಲೆ. ಎರಡು ಬೇಸಿಗೆ ಅಕ್ಕಪಕ್ಕದ ಮನೆಯವರು ಪಾಳಿ ಹಾಕಿಕೊಂಡು ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದೆವು. ಬುಧವಾರ, ಶನಿವಾರ ನಮ್ಮನೆ ಪಾಳಿ.

2019ರಲ್ಲಿ ಒಂದು ಮನವಿ ಪತ್ರ ಮನೆ ಮನೆಗೆ ಬಂತು. ಪಾರ್ಕಿನಲ್ಲಿ ಬಿಯರ್ ಬಾಟಲಿ ಸಿಗುತ್ತಿವೆ, ಪುಂಡರು ಸೇರುತ್ತಿದ್ದಾರೆ, "ಅನಪೇಕ್ಷಿತ ವ್ಯಕ್ತಿಗಳು" ಮಧ್ಯಾಹ್ನ ಮಲಗುತ್ತಿದ್ದಾರೆ, ಆದ್ದರಿಂದ ಹಗಲು ಹೊತ್ತು ಗೇಟಿಗೆ ಬೀಗ ಹಾಕಿಸಿ ಅಂತ. ಬಾಟಲಿ ನಾನೂ ನೋಡಿದ್ದೆ. ಒಡೆದ ಗಾಜು ಒಮ್ಮೆ ನನ್ನ ಚಪ್ಪಲಿಗೇ ಚುಚ್ಚಿತ್ತು. ಒಲೆ ಮೇಲೆ ಹಾಲಿತ್ತು. ಪೂರ್ತಿ ಓದಲಿಲ್ಲ. ಸಹಿ ಹಾಕಿ ಕೊಟ್ಟೆ.

ಈಗ ನಿಧಾನವಾಗಿ ಯೋಚಿಸಿದರೆ ಲೆಕ್ಕ ತಾಳೆಯಾಗುತ್ತಿಲ್ಲ. ಬಾಟಲಿ ಸಿಗುತ್ತಿದ್ದುದು ಬೆಳಗಿನ ಹೊತ್ತು. ಅಂದರೆ ಕುಡಿಯುವವರು ಬರುತ್ತಿದ್ದುದು ರಾತ್ರಿ. ಹಿಂಬದಿ ರಸ್ತೆಯ ಬೀದಿದೀಪ ಕೆಟ್ಟು ಯಾವ ಕಾಲವಾಯಿತೋ. ಅಲ್ಲಿ ಕಾಂಪೌಂಡು ಸೊಂಟದಷ್ಟು ಎತ್ತರ. ಅವರು ಹಾರಿ ಬರುತ್ತಾರೆ, ಹಾರಿ ಹೋಗುತ್ತಾರೆ. ಗೇಟು ಅವರಿಗೆ ಯಾವತ್ತೂ ಬೇಕಾಗಿಲ್ಲ. ಬೀಗ ಬಿದ್ದು ಇಷ್ಟು ವರ್ಷವಾದರೂ ಬಾಟಲಿ ನಿಂತಿಲ್ಲ, ಹೋದ ಭಾನುವಾರವೂ ಎರಡು ಸಿಕ್ಕವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ರಾತ್ರಿ ಕುಡಿಯುವವರ ತಪ್ಪಿಗೆ ಮಧ್ಯಾಹ್ನ ಉಣ್ಣುವವರಿಗೆ ಶಿಕ್ಷೆ.

ಆ "ಅನಪೇಕ್ಷಿತ ವ್ಯಕ್ತಿಗಳು" ಯಾರು ಅಂತಲೂ ಹೇಳಿಬಿಡುತ್ತೇನೆ. ಬೆಳಗಿನ ಎರಡು ಮನೆ ಮುಗಿಸಿ ಮೂರು ಗಂಟೆಯ ಮನೆಗೆ ಕಾಯುವ ಮನೆಗೆಲಸದವರು. ಗ್ಯಾಸ್ ಸಿಲಿಂಡರ್ ಹೊತ್ತು ಮೂರನೇ ಮಹಡಿ ಹತ್ತಿ ಇಳಿದವರು. ಮುಂದಿನ ಆರ್ಡರ್‌ಗೆ ಫೋನ್ ನೋಡುತ್ತಾ ಕೂರುವ ಡೆಲಿವರಿ ಹುಡುಗರು. ಎದುರಿನ ಕಟ್ಟಡದ ಗಾರೆ ಕೆಲಸದವರು. ಇವರೆಲ್ಲ ನಮ್ಮ ಮನೆ ಬಾಗಿಲಿಗೆ ಬರಬಹುದು, ಅಡುಗೆಮನೆಗೂ ಬರಬಹುದು. ಪಾರ್ಕಿನ ಬೆಂಚಿಗೆ ಮಾತ್ರ ಬರಬಾರದು. ಇದು ಯಾವ ಸೀಮೆ ನ್ಯಾಯ?

ಅಧಿಕಾರಿಗಳೇ, ಇನ್ನು ನಿಮ್ಮದೇ ಕಾಗದದ ವಿಷಯಕ್ಕೆ ಬರುತ್ತೇನೆ. 2024ರ ಜೂನ್‌ನಲ್ಲಿ ನಗರದ ಪಾಲಿಕೆ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು ಆದೇಶವಾಯಿತು. ಪತ್ರಿಕೆಗಳಲ್ಲೆಲ್ಲ ಬಂತು. 5ರಿಂದ 10 ಅಂದರೆ 17 ಗಂಟೆ. ನಮ್ಮ ಪಾರ್ಕು ತೆರೆಯುವುದು ಬೆಳಿಗ್ಗೆ 5ರಿಂದ 10, ಸಂಜೆ 4ರಿಂದ 8. ಒಟ್ಟು 9 ಗಂಟೆ. ಉಳಿದ 8 ಗಂಟೆ ಎಲ್ಲಿಗೆ ಹೋಯಿತು?

ಇದನ್ನೇ ತಿಳಿಯಲು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೆ. ಬೀಗ ಹಾಕಲು ಆದೇಶ ಕೊಟ್ಟವರು ಯಾರು, ಪ್ರತಿ ಕೊಡಿ ಅಂತ. "ಈ ಕುರಿತು ಕಚೇರಿಯ ಕಡತದಲ್ಲಿ ಯಾವುದೇ ಆದೇಶ ಲಭ್ಯವಿರುವುದಿಲ್ಲ" ಎಂದು ಉತ್ತರ ಬಂತು. ಜೊತೆಗೆ ಒಂದು ಜೆರಾಕ್ಸ್ ಇತ್ತು. ಬಿಡಿಸಿ ನೋಡಿದರೆ ನಮ್ಮದೇ 2019ರ ಮನವಿ! 41 ಸಹಿ. ಅದನ್ನು ಬಿಟ್ಟರೆ ಬೀಗಕ್ಕೆ ಬೇರೆ ಆಧಾರವೇ ಇಲ್ಲ. ಕೀಲಿಗಳೂ ಕಚೇರಿಯಲ್ಲಿಲ್ಲ. ಸೆಕ್ಯೂರಿಟಿಯವರ ಹತ್ತಿರ ಒಂದು, ಸಂಘದ ಪದಾಧಿಕಾರಿಯೊಬ್ಬರ ಮನೆಯಲ್ಲಿ ಒಂದು. ಸರ್ಕಾರಿ ಜಾಗದ ಕೀಲಿ ಖಾಸಗಿ ಮನೆಯ ಫ್ರಿಡ್ಜಿನ ಮೇಲೆ ಯಾಕಿರಬೇಕು?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್‌ನಲ್ಲಿ ಹಳೇ ಪಾಲಿಕೆ ಹೋಗಿ ಐದು ಪಾಲಿಕೆಗಳಾದವು. ಹಾಗಾಗಿ ಹಳೇ ಆದೇಶ ಈಗ ನಡೆಯಲ್ಲ ಅಂತ ನಿಮ್ಮ ಕಚೇರಿಯ ಕೌಂಟರಿನಲ್ಲಿ ಒಬ್ಬರು ಹೇಳಿದರು. ಸರಿ. ಹಾಗಾದರೆ ಹಳೇ ಬೀಗ ಹೇಗೆ ನಡೆಯುತ್ತದೆ?

ಇದನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂದಿದ್ದೂ ಅದಕ್ಕೇ. ಮೊದಲು ಇಂಥದ್ದಕ್ಕೆಲ್ಲ ಕಾರ್ಪೊರೇಟರ್ ಮನೆ ಮುಂದೆ ನಿಲ್ಲುತ್ತಿದ್ದೆವು. ಬೈಯ್ಯುವುದಕ್ಕಾದರೂ ಒಬ್ಬರಿದ್ದರು. 2020ರ ಸೆಪ್ಟೆಂಬರ್‌ನಲ್ಲಿ ಅವರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆ ಖಾಲಿ ಜಾಗದಲ್ಲಿ ಸಂಘಗಳು ಬಂದು ಕೂತವು. ನಮ್ಮ ಸಂಘದವರು ಕೆಟ್ಟವರಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಕೊರೊನಾ ಕಾಲದಲ್ಲಿ ಒಬ್ಬೊಬ್ಬರೇ ಇದ್ದ ವಯಸ್ಸಾದವರ ಮನೆಗಳಿಗೆ ದಿನಸಿ ತಲುಪಿಸಿದ್ದಾರೆ. ಒಣಗಿದೆಲೆ ಸುಡುವುದನ್ನು ನಿಲ್ಲಿಸಿ ಗೊಬ್ಬರದ ಗುಂಡಿ ಮಾಡಿಸಿದ್ದಾರೆ. ಆದರೆ ಸಂಘಕ್ಕೆ ಸದಸ್ಯತ್ವ ಇರುವುದು ಮನೆ ಮಾಲೀಕರಿಗೆ ಮಾತ್ರ. ಬಾಡಿಗೆಯವರಿಗೂ ಇಲ್ಲ. ಪಾರ್ಕು ಮಾಲೀಕರದ್ದಷ್ಟೇ ಅಲ್ಲವಲ್ಲ.

ಗೇಟಿನ ಬೋರ್ಡು ನೋಡಿದ್ದೀರಾ? ಹಸಿರು ಬಣ್ಣ, ಬಿಳಿ ಅಕ್ಷರ. ಆಟ ಆಡಬಾರದು. ತಿಂಡಿ ತಿನ್ನಬಾರದು. ಮಲಗಬಾರದು. ಹುಲ್ಲಿನ ಮೇಲೆ ಕೂರಬಾರದು. ಜೋಡಿಗಳಿಗೆ ಪ್ರವೇಶವಿಲ್ಲ. ಒಟ್ಟು ಹನ್ನೊಂದು "ಬಾರದು", "ಇಲ್ಲ"ಗಳು. ಏನು ಮಾಡಬಹುದು ಅಂತ ಒಂದು ಸಾಲೂ ಇಲ್ಲ. ಕೆಳಗೆ "ಆದೇಶದ ಮೇರೆಗೆ" ಅಂತಿದೆ. ಯಾರ ಆದೇಶ ಅಂತ ಬರೆದಿಲ್ಲ. ನಾನು 31 ವರ್ಷ ಶಾಲೆಯಲ್ಲಿದ್ದವಳು. ಪರೀಕ್ಷಾ ಕೊಠಡಿಗೂ ಇಷ್ಟು ನಿಯಮ ಇರಲಿಲ್ಲ.

ಹೋದ ತಿಂಗಳು ಒಂದು ಶನಿವಾರ ಸಂಜೆ ಐದಾರು ಹುಡುಗರು ಪ್ಲಾಸ್ಟಿಕ್ ಚೆಂಡಿನಲ್ಲಿ ಆಡುತ್ತಿದ್ದರು. ದೊಡ್ಡವನಿಗೆ ಹೆಚ್ಚೆಂದರೆ ಹತ್ತು ವರ್ಷ. ಸೆಕ್ಯೂರಿಟಿಯವರು ಸೀಟಿ ಊದಿದರು. ಚೆಂಡು ಕಿತ್ತುಕೊಂಡರು. ಸೆಕ್ಯೂರಿಟಿಯವರ ಕುರ್ಚಿ ಪಕ್ಕದ ಬಕೆಟ್ಟಿನಲ್ಲಿ ಆಗಲೇ ಏಳು ಚೆಂಡುಗಳಿದ್ದವು. ಎಣಿಸಿದೆ, ಚಟ ಬಿಡಬೇಕಲ್ಲ. ಇದು ಎಂಟನೆಯದು. ಹುಡುಗರು ಗೇಟಿನ ಹೊರಗೆ ರಸ್ತೆಯಲ್ಲೇ ಶುರು ಮಾಡಿದರು, ಚೆಂಡಿಲ್ಲದಿದ್ದರೆ ಓಡುವ ಆಟ. ಅಲ್ಲಿ ಟ್ಯಾಂಕರ್ ಲಾರಿಗಳು ತಿರುಗುತ್ತವೆ. ಒಂದು ತೆಂಗಿನ ಸಸಿಯ ಗರಿ ಮುರಿಯಬಾರದು ಅಂತ ಮಕ್ಕಳನ್ನು ಲಾರಿ ಬಾಯಿಗೆ ತಳ್ಳುವುದೇ?

ಸೆಕ್ಯೂರಿಟಿಯವರನ್ನು ನಾನು ದೂರುತ್ತಿಲ್ಲ. ಹನ್ನೆರಡು ಗಂಟೆ ಡ್ಯೂಟಿ. ಪಾರ್ಕಿನ ಶೌಚಾಲಯಕ್ಕೂ ಬೀಗ, ಒಳಗೆ ಹುಲ್ಲು ಕತ್ತರಿಸುವ ಮೆಷಿನ್ನು ಮತ್ತು ಗಣೇಶನ ಹಬ್ಬದ ಶಾಮಿಯಾನ ಇಟ್ಟಿದ್ದಾರೆ. ಆ ಮನುಷ್ಯ ಮೂತ್ರಕ್ಕೆ ಹೋಗಬೇಕಾದರೂ ಮುಖ್ಯರಸ್ತೆಯ ಹೋಟೆಲಿಗೆ ಹೋಗಬೇಕು.

ಇನ್ನೊಂದು ದಿನ ಕಾಲೇಜಿನ ಹುಡುಗ, ಹುಡುಗಿ ಬೆಂಚಿನ ಮೇಲೆ ಕೂತಿದ್ದರು. ಮಧ್ಯದಲ್ಲಿ ಬ್ಯಾಗು, ತೊಡೆ ಮೇಲೆ ನೋಟ್‌ಬುಕ್. ನಮ್ಮಲ್ಲೊಬ್ಬ ಹಿರಿಯರು ಹೋಗಿ ಐಡಿ ಕಾರ್ಡ್ ಕೇಳಿದರು. ಅಪ್ಪನ ನಂಬರ್ ಕೊಡು ಅಂದರು. ಅಣ್ಣ ತಂಗಿಯಾ ಅಂತಲೂ ಕೇಳಿದರು. ಆ ಹುಡುಗಿ ಬ್ಯಾಗು ಎದೆಗೆ ಅವುಚಿಕೊಂಡು, ಯಾರ ಮುಖವನ್ನೂ ನೋಡದೆ ಗೇಟು ದಾಟಿದಳು. ನಾನು ಆಗ ವಾಕಿಂಗ್ ಮಾಡುತ್ತಿದ್ದೆ. ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಒಂದು ರೌಂಡ್ ಜಾಸ್ತಿ ಹಾಕಿದೆ, ಅಷ್ಟೇ.

ಸಾರ್ವಜನಿಕ ಜಾಗದಲ್ಲಿ ಹೇಗಿರಬೇಕು ಅನ್ನುವ ಪಾಠ ನಮಗೂ ಸ್ವಲ್ಪ ಬೇಕು ಬಿಡಿ. ಬೆಳಿಗ್ಗೆ ಐದೂವರೆಗೆ ನಮ್ಮ ನಗೆಕೂಟ ಶುರುವಾಗುತ್ತದೆ. ಮೊದಲು ಸ್ಪೀಕರಿನಲ್ಲಿ ಭಜನೆ, ಆಮೇಲೆ ನಲವತ್ತು ಜನ ಒಟ್ಟಿಗೆ ಹಾ ಹಾ ಹಾ. ಎದುರು ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ನಾಲ್ಕಕ್ಕೆ ಮಲಗುವ ಹುಡುಗರಿದ್ದಾರೆ. ಅವರು ಬಾಡಿಗೆಯವರು, ಯಾರ ಹತ್ತಿರ ದೂರುತ್ತಾರೆ? 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45 ಅಂತ ಮಿತಿಯಿದೆ. ಸಂಜೆ ನಾಲ್ಕೂವರೆಗೆ ಮಕ್ಕಳು ಕೂಗಿದರೆ ಗಲಾಟೆ, ಬೆಳಿಗ್ಗೆ ಐದೂವರೆಗೆ ನಾವು ಕೂಗಿದರೆ ಆರೋಗ್ಯ! ನಾನೂ ಆ ಕೂಟದ ಸದಸ್ಯೆ. ಸ್ಪೀಕರ್ ಇಲ್ಲದೆಯೂ ನಗು ಬರುತ್ತದೆ, ಪರೀಕ್ಷಿಸಿ ನೋಡಿದ್ದೇನೆ.

ಇನ್ನು ಅಭಿವೃದ್ಧಿ. ಮೂರು ವರ್ಷದ ಹಿಂದೆ ಪಾರ್ಕಿನ "ಸಮಗ್ರ ಅಭಿವೃದ್ಧಿ" ಆಯಿತು. ಮಣ್ಣಿನ ಹಾದಿ ಹೋಗಿ ಟೈಲ್ಸ್ ಬಂತು. ಗ್ರಾನೈಟಿನ ಕಮಾನು ಬಂತು, ಅದರ ಮೇಲೆ ಹೆಸರುಗಳು ಬಂದವು. ಕಾರಂಜಿ ಉದ್ಘಾಟನೆಯ ದಿನ ಚಿಮ್ಮಿತು. ಈಗ ಅದರ ತೊಟ್ಟಿಯಲ್ಲಿ ಹಸಿರು ನೀರು, ಸೊಳ್ಳೆ ಮರಿ. ವ್ಯಾಯಾಮದ ಮೆಷಿನ್ನುಗಳಲ್ಲಿ ಒಂದರ ಪೆಡಲ್ ಕಿತ್ತು ಬಂದಿದೆ, ಅದಕ್ಕೆ ಗೋಣಿಚೀಲ ಸುತ್ತಿದ್ದಾರೆ.

ಇದೆಲ್ಲ ಹೋಗಲಿ ಅಂದರೂ ಹೊಂಗೆ ಮರದ ವಿಷಯ ಬಿಡಲಾರೆ. ಟೈಲ್ಸನ್ನು ಅದರ ಬುಡಕ್ಕೆ ಒತ್ತಿಸಿ ಸಿಮೆಂಟು ಮೆತ್ತಿದ್ದಾರೆ. ಬುಡ ದಪ್ಪಗಾದಂತೆ ಸಿಮೆಂಟು ಕತ್ತಿನ ಉರುಳಿನಂತೆ ಬಿಗಿಯುತ್ತಿದೆ. ತೊಗಟೆ ಉಬ್ಬಿ ಟೈಲ್ಸಿನ ಮೇಲೆ ಬಂದಿದೆ. ಪಶ್ಚಿಮದ ಕಡೆಯ ಒಂದು ಕೊಂಬೆ ಈ ವರ್ಷ ಚಿಗುರಲಿಲ್ಲ. ಮರಗಳ ಸುತ್ತ ಒಂದು ಮೀಟರ್ ಜಾಗದಲ್ಲಿ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದಿಲ್ಲಿಯ ಮರಗಳ ಬಗ್ಗೆ ಹೇಳಿತ್ತು. ದಿಲ್ಲಿ ಮರಕ್ಕೆ ಬೇಕಾದ ಉಸಿರು ನಮ್ಮ ಹೊಂಗೆಗೂ ಬೇಕಲ್ವಾ? ಮಳೆ ಬಂದರೆ ಇಂಗುವುದಕ್ಕೆ ಮಣ್ಣೇ ಕಾಣುವುದಿಲ್ಲ, ನೀರು ಸೀದಾ ಗೇಟಿನಿಂದ ರಸ್ತೆಗೆ ಹರಿಯುತ್ತದೆ. 2024ರ ಬೇಸಿಗೆಯಲ್ಲಿ ನಮ್ಮ ಬೀದಿಯ ಬೋರ್‌ವೆಲ್‌ಗಳು ಒಣಗಿ, ನಾವೆಲ್ಲ ಬಕೆಟ್ ಹಿಡಿದು ಟ್ಯಾಂಕರ್ ಕಾದಿದ್ದು ಇಷ್ಟು ಬೇಗ ಮರೆತುಹೋಯಿತೇ?

ಈಗ ಹೊಸದೊಂದು ಬಂದಿದೆ. ಪಾರ್ಕಿನ ಮೂಲೆಯಲ್ಲಿ ನೆಲ ಮಹಡಿ ಮತ್ತು ಮೊದಲ ಮಹಡಿಯ "ಹಿರಿಯ ನಾಗರಿಕರ ಭವನ" ಕಟ್ಟುತ್ತಾರಂತೆ. ಕೆಳಗೆ ಸಂಘದ ಕಚೇರಿ, ಮೇಲೆ ಸಭಾಂಗಣ. ಸಭಾಂಗಣ ಬಾಡಿಗೆಗೂ ಕೊಡುವ ಆಲೋಚನೆ ಇದೆ ಅಂತ ಸಂಘದ ವಾಟ್ಸಾಪ್ ಗುಂಪಿನಲ್ಲೇ ಓದಿದೆ. ಎರಡು ನೇರಳೆ, ಒಂದು ಸಂಪಿಗೆ ಮರಕ್ಕೆ ಕೆಂಪು ಬಣ್ಣದಲ್ಲಿ ನಂಬರ್ ಬರೆದಾಗಿದೆ. 1976ರ ಮರ ಸಂರಕ್ಷಣಾ ಕಾಯ್ದೆಯಡಿ ಮರ ಅಧಿಕಾರಿಯ ಅನುಮತಿ ಸಿಕ್ಕಿದೆಯೇ ಎಂದು ಕೇಳಿದರೆ ಆ ಗುಂಪಿನಲ್ಲಿ ಯಾರೂ ಉತ್ತರ ಕೊಡಲಿಲ್ಲ. ಕೈಮುಗಿಯುವ ಎಮೋಜಿ ಮಾತ್ರ ಬಂತು.

ಉದ್ಯಾನದ ಜಾಗವನ್ನು ಬೇರೆ ಕೆಲಸಕ್ಕೆ ತಿರುಗಿಸದಂತೆ ಕಾಪಾಡುವುದಕ್ಕೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಾಯ್ದೆಯ 38ಎ ಕಲಮು ಪಾರ್ಕು, ಆಟದ ಮೈದಾನಕ್ಕೆಂದು ಬಿಟ್ಟ ಜಾಗವನ್ನು ಮಾರುವುದಕ್ಕಾಗಲಿ, ಪರಭಾರೆ ಮಾಡುವುದಕ್ಕಾಗಲಿ ಬಿಡುವುದಿಲ್ಲ. ಇವು ಕಾಗದದ ಹುಲಿಗಳಲ್ಲ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಡಲು ಹೊರಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವರೇ ಗೆದ್ದರು. ಆಸ್ಪತ್ರೆ ಒಳ್ಳೆಯದಲ್ಲ ಅಂತ ಅಲ್ಲಿ ಯಾರೂ ಹೇಳಲಿಲ್ಲ. ಪಾರ್ಕಿನ ಜಾಗ ಅದಕ್ಕಲ್ಲ ಅನ್ನುವುದಷ್ಟೇ ವಾದ. ಆಸ್ಪತ್ರೆಗೇ ಸಿಗದ ಪಾರ್ಕಿನ ಜಾಗ ಬಾಡಿಗೆ ಸಭಾಂಗಣಕ್ಕೆ ಸಿಗುತ್ತದೆಯೇ? ನಾನೂ ಹಿರಿಯ ನಾಗರಿಕಳೇ. ನನಗೆ ಬೇಕಾಗಿರುವುದು ನೇರಳೆ ಮರದ ಕೆಳಗೊಂದು ಬೆಂಚು, ಬೀಗವಿಲ್ಲದ ಶೌಚಾಲಯ. ದಯವಿಟ್ಟು ನನ್ನ ಹೆಸರು ಹೇಳಿ ಮರ ಕಡಿಯಬೇಡಿ.

ಅಧಿಕಾರಿಗಳೇ, ನಾನು ಕೇಳುವುದು ದುಡ್ಡು ಖರ್ಚಾಗುವ ಕೆಲಸಗಳಲ್ಲ. ಬೀಗ ತೆಗೆಸಿ. ಎರಡೂ ಕೀಲಿಗಳನ್ನು ಕಚೇರಿಗೆ ವಾಪಸ್ ಪಡೆಯಿರಿ. ಆ ಬೋರ್ಡು ಇಳಿಸಿ, ಅದರ ಜಾಗದಲ್ಲಿ ತೆರೆಯುವ ಸಮಯ, ದೂರು ಕೊಡುವ ನಂಬರು, ಜವಾಬ್ದಾರಿ ಹೊತ್ತ ಅಧಿಕಾರಿಯ ಹುದ್ದೆ ಬರೆಸಿ. ಶೌಚಾಲಯದಿಂದ ಶಾಮಿಯಾನ ಹೊರಗೆ ಹಾಕಿಸಿ. ಹಿಂಬದಿಯ ಬೀದಿದೀಪ ಸರಿಮಾಡಿಸಿ, ರಾತ್ರಿ ಹತ್ತರ ಮೇಲೆ ಬೀಟ್ ಪೊಲೀಸರು ಆ ಕಡೆ ಒಮ್ಮೆ ಬಂದು ಹೋಗಲಿ. ಬಾಟಲಿ ಸಮಸ್ಯೆಗೆ ಮದ್ದು ಅಲ್ಲಿದೆ, ಗೇಟಿನಲ್ಲಲ್ಲ. ಹೊಂಗೆ ಬುಡದ ಸಿಮೆಂಟು ಒಡೆಸಲು ಒಬ್ಬ ಗಾರೆಯವರ ಅರ್ಧ ದಿನದ ಕೂಲಿ ಸಾಕು. ಅದನ್ನು ಬೇಕಾದರೆ ನಾನೇ ಕೊಡುತ್ತೇನೆ. ಕಟ್ಟಡದ ವಿಷಯದಲ್ಲಿ ಮಾತ್ರ ಬಾಯಿಮಾತು ಬೇಡ, ಅನುಮತಿ ಇದೆಯೋ ಇಲ್ಲವೋ ಅಂತ ಬರಹದಲ್ಲಿ ತಿಳಿಸಿ.

ಸಂಘದ ಗೆಳೆಯರೇ, ನಿಮಗೂ ಒಂದೆರಡು ಮಾತು. ಈ ಪತ್ರ ಓದಿ ನಿಮಗೆ ಸಿಟ್ಟು ಬರುತ್ತದೆ, ಗೊತ್ತು. ನಿಮ್ಮಲ್ಲಿ ಕೆಲವರ ಮಕ್ಕಳು ನನ್ನ ಹತ್ತಿರವೇ ಬೀಜಗಣಿತ ಕಲಿತವರು. ಅದೇ ಪಾರ್ಕಿನಲ್ಲಿ, ಅದೇ ಪಿಚ್ಚಿನಲ್ಲಿ ಆಡಿ ಬೆಳೆದವರು. ಆಗ ನಮ್ಮ ಮನೆ ಕಿಟಕಿ ಗಾಜು ಎರಡು ಸಲ ಒಡೆದಿತ್ತು. ಎರಡು ಸಲವೂ ನಿಮ್ಮ ಹುಡುಗರೇ ಬಂದು, ತಲೆ ತಗ್ಗಿಸಿ, ತಪ್ಪಾಯ್ತು ಟೀಚರ್ ಅಂದು ಚೆಂಡು ಇಸಿದುಕೊಂಡು ಹೋಗಿದ್ದರು. ಕಸ, ಗಲಾಟೆ, ಕಿರುಕುಳ ಇದ್ದರೆ ಅದಕ್ಕೆ ದಾರಿ ಹುಡುಕೋಣ. ತಿಂಡಿ ತಿಂದವರು ಪೊಟ್ಟಣ ಹಾಕಲು ಒಂದು ಡಬ್ಬ ಇಡೋಣ. ಮಕ್ಕಳಿಗೆ ಕಾರಂಜಿಯ ಪಕ್ಕದ ಖಾಲಿ ಜಾಗ ಬಿಡೋಣ. ಬರುವ ಭಾನುವಾರ ಸಂಜೆ ನಾಲ್ಕಕ್ಕೆ ಗೇಟಿನ ಹತ್ತಿರ ಸೇರೋಣ, ಸಭೆ ಅಲ್ಲ, ಸುಮ್ನೆ ಮಾತಿಗೆ. ಬಾಡಿಗೆಯವರೂ ಬರಲಿ, ಮನೆಗೆಲಸದವರೂ ಬರಲಿ. ಆ ಬಕೆಟ್ಟಿನ ಎಂಟು ಚೆಂಡುಗಳನ್ನು ದಯವಿಟ್ಟು ತನ್ನಿ, ಹುಡುಗರಿಗೆ ಹೇಳಿ ಕಳಿಸಿದ್ದೇನೆ.

2019ರ ಮನವಿಯ ಎರಡನೇ ಹಾಳೆಯಲ್ಲಿ ಕ್ರಮಸಂಖ್ಯೆ 23ರ ಸಹಿ ನನ್ನದು. ಅದನ್ನು ವಾಪಸ್ ಪಡೆಯುತ್ತಿದ್ದೇನೆ. ಕಡತದಲ್ಲಿ ಹೊಡೆದುಹಾಕಿ, ಈ ಪತ್ರವನ್ನು ಅದರ ಪಕ್ಕಕ್ಕೆ ಸೇರಿಸಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮೂರನೇ ಅಡ್ಡರಸ್ತೆಯ ನಿವಾಸಿ, ನಿವೃತ್ತ ಗಣಿತ ಶಿಕ್ಷಕಿ